ಉಪ್ಪಿಗೆ ಬಿದ್ದ ಮಿಡಿ, ಗೊಬ್ಬರಕ್ಕೆ ಬಾಡಿದ ಸಸಿ

ಒರೆಸಿದ ಅಪ್ಪೆಮಿಡಿ ಒಂದು ಪದರ, ಕಲ್ಲುಪ್ಪು ಒಂದು ಪದರ ಹಾಕಿ ಭರಣಿ ಮುಚ್ಚಿಟ್ಟರೆ ಒಂದೆರಡು ದಿನದಲ್ಲಿ ತಳದಲ್ಲಿ ನೀರು ನಿಂತಿರುತ್ತದೆ. ಯಾರೂ ಒಂದು ಹನಿ ನೀರು ಹಾಕಿರುವುದಿಲ್ಲ. ಅದಷ್ಟೂ ಮಿಡಿಯ ಒಳಗಿನದು. ದಿನ ಕಳೆದಂತೆ ನೀರು ಏರುತ್ತದೆ, ಮಿಡಿಯ ಸಿಪ್ಪೆ ಸುಕ್ಕುಗಟ್ಟುತ್ತದೆ. ಶಾಲೆಯಲ್ಲಿ ಅಭಿಸರಣೆ ಎಂದು ಕಲಿಸಿದ್ದು ಇದನ್ನೇ.

ಉಪ್ಪು ನೀರನ್ನು ಎಳೆಯುತ್ತದೆ ಎನ್ನುವುದು ರೂಢಿಯ ಮಾತು. ನಿಜವಾಗಿ ನೀರಿನ ಅಣುಗಳು ಜೀವಕೋಶದ ಪೊರೆಯ ಮೂಲಕ ಎರಡೂ ಕಡೆಗೆ ಓಡಾಡುತ್ತಲೇ ಇರುತ್ತವೆ. ಒಳಗಿನ ರಸ ತೆಳು, ಹೊರಗಿನ ಉಪ್ಪುನೀರು ಗಟ್ಟಿ. ತೆಳುವಾದ ಕಡೆಯಿಂದ ಹೊರಡುವ ನೀರು ಹೆಚ್ಚು, ಗಟ್ಟಿ ಕಡೆಯಿಂದ ಮರಳುವುದು ಕಡಿಮೆ. ಪೊರೆ ನೀರಿಗೆ ದಾರಿ ಬಿಟ್ಟು ಉಪ್ಪನ್ನು ತಡೆಯುವುದರಿಂದ ಈ ಲೆಕ್ಕ ಸರಿಹೋಗಲು ನೀರೇ ಹೊರಗೆ ಬರಬೇಕು. ಪೊರೆಯಲ್ಲಿ ನೀರಿಗೆಂದೇ ಇರುವ ಸಣ್ಣ ಕಾಲುವೆಗಳಿಗೆ ಅಕ್ವಾಪೊರಿನ್ ಎಂದು ಹೆಸರು. ಅವನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ತಡೆಯುವ ಕೆಲಸ ಮಾಡುವುದು ಜೀವ ಇರುವ ಪೊರೆ. ಮೊದಲು ಕೋಶದ ಒಳಭಾಗ ಕುಗ್ಗಿ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಅದೇ ಸ್ಥಿತಿ ಮುಂದುವರಿದರೆ ಕೋಶ ಸಾಯುತ್ತದೆ, ಪೊರೆ ಹರಿಯುತ್ತದೆ. ಉಪ್ಪು ಮಿಡಿಯ ಒಳಗಿನವರೆಗೂ ಸಲೀಸಾಗಿ ಇಳಿಯುವುದು ಆಮೇಲೆ, ಅದು ಬರೀ ವಿಸರಣೆ, ಅಂದರೆ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ತಾನಾಗಿ ಹರಡುವುದು. ಹೀಗಾಗಿ ಮಿಡಿ ಸುಕ್ಕಾಗುವ ಮೊದಲೇ ಖಾರ ಬೆರೆಸಿದರೆ ಆಮೇಲೂ ನೀರು ಬಿಟ್ಟುಕೊಂಡು ಉಪ್ಪಿನಕಾಯಿಯ ರಸ ತೆಳುವಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಐದು ಕಿಲೋ ಮಿಡಿಗೆ ಒಂದು ಕಿಲೋ ಉಪ್ಪು ಬೇಕು. ದಿನಕ್ಕೊಮ್ಮೆ ಒಣಗಿದ ಸೌಟಿನಲ್ಲಿ ಮೇಲೆ ಕೆಳಗೆ ಮಾಡಬೇಕು. ಇಲ್ಲದಿದ್ದರೆ ಗಟ್ಟಿ ಉಪ್ಪುನೀರು ತಳದಲ್ಲೇ ಉಳಿದು, ಮೇಲಿನ ಮಿಡಿ ಅರೆಬರೆಯಾಗಿ ಮೆತ್ತಗಾಗುತ್ತದೆ.

ಮಳೆಗಾಲಕ್ಕೆಂದು ಉಪ್ಪಿನಲ್ಲಿಟ್ಟ ಹಲಸಿನ ತೊಳೆಯನ್ನು ನೀರಲ್ಲಿ ನೆನೆಸಿದರೆ ಉಪ್ಪು ಬಿಡುತ್ತದೆ, ಆದರೆ ಹಸಿ ತೊಳೆಯ ಗರಿಗರಿ ಮರಳುವುದಿಲ್ಲ. ಬಾಡಿದ ಕೊತ್ತಂಬರಿ ಕಟ್ಟನ್ನು ನೀರಿಗಿಟ್ಟರೆ ಗಂಟೆಯೊಳಗೆ ನಿಮಿರುತ್ತದೆ. ವ್ಯತ್ಯಾಸ ಇಷ್ಟೇ: ಸೊಪ್ಪಿನ ಪೊರೆ ಇನ್ನೂ ಬದುಕಿದೆ, ತೊಳೆಯದು ಸತ್ತಿದೆ. ನೋಡಬೇಕೆಂದರೆ ಐದು ಸೆಂ.ಮೀ. ಉದ್ದದ ಮೂರು ಆಲೂಗಡ್ಡೆ ಕಡ್ಡಿ ಕತ್ತರಿಸಿ. ಒಂದು ಬರೀ ನೀರಿಗೆ, ಇನ್ನೊಂದು 200 ಮಿ.ಲೀ. ನೀರಿಗೆ ಒಂದು ಟೀ ಚಮಚ ಉಪ್ಪು ಕದಡಿದ್ದಕ್ಕೆ. ಮೂರನೆಯದನ್ನು ಬೇಯಿಸಿ ಅದೇ ಉಪ್ಪುನೀರಿಗೆ ಹಾಕಿ. ಒಂದು ಗಂಟೆಗೆ ಮೊದಲನೆಯದು ಮುರಿದರೆ ಲಟ್ ಎನ್ನುತ್ತದೆ, ಎರಡನೆಯದು ಬಿಲ್ಲಿನಂತೆ ಬಾಗುತ್ತದೆ. ಬೆಂದದ್ದಕ್ಕೆ ಬಿಗಿಯಾಗುವ ಶಕ್ತಿ ಮೊದಲೇ ಹೋಗಿದೆ, ಯಾವ ನೀರಿಗೆ ಹಾಕಿದರೂ ಮೆತ್ತಗೆ. ಬಾಗಿದ ಕಡ್ಡಿಯನ್ನು ಆಗಲೇ ಸಿಹಿನೀರಿಗೆ ಹಾಕಿದರೆ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ.

ತೋಟದಲ್ಲಿ ನಷ್ಟ ತರುವುದೂ ಇದೇ ಲೆಕ್ಕ. ಪಾಲಿಥಿನ್ ಚೀಲದ ಅಡಿಕೆ ಸಸಿಗೆ ಒಣಮಣ್ಣಿನ ಮೇಲೆ ಒಂದು ಹಿಡಿ ಯೂರಿಯಾ ಬಿದ್ದರೆ, ಆಮೇಲೆ ಹಾಕಿದ ಚೂರು ನೀರಿನಲ್ಲಿ ಅದು ಕರಗಿ ಬೇರಿನ ಹೊರಗಿನ ದ್ರಾವಣ ಒಳಗಿನದಕ್ಕಿಂತ ಗಟ್ಟಿಯಾಗುತ್ತದೆ. ಮಣ್ಣು ಹಸಿ ಇದ್ದರೂ ಸಸಿ ಬಾಡುತ್ತದೆ, ಎಲೆಯ ತುದಿ ಸುಟ್ಟಂತೆ ಕಂದಾಗುತ್ತದೆ. ನೀರು ಸಾಲದು ಎಂದುಕೊಂಡು ಒಂದು ಚೊಂಬು ಸುರಿದರೆ ಸಾಲದು. ಚೀಲದ ತಳದ ತೂತು ತೆರೆದಿದೆಯೇ ನೋಡಿ, ಎರಡು ಲೀಟರ್ ಮಣ್ಣಿನ ಚೀಲಕ್ಕೆ ಒಟ್ಟು ಐದಾರು ಲೀಟರ್ ನೀರನ್ನು ಮೂರು ಸಲವಾಗಿ, ಕೆಳಗೆ ಇಳಿದು ಹೋಗುವಂತೆ ಹಾಕಬೇಕು. ಅದೇ ದಿನ ಮಾಡಿದರೆ ಸಸಿ ಉಳಿಯುವ ಸಾಧ್ಯತೆ ಹೆಚ್ಚು. ಬೇರಿನ ತುದಿ ಕಪ್ಪಾಗಿ ಮೆತ್ತಗಾದ ಮೇಲೆ ಮಾಡಿ ಪ್ರಯೋಜನವಿಲ್ಲ.

ಫಸಲಿಗೆ ಬಂದ ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬುದು ಶಿಫಾರಸು. ಪೊಟ್ಯಾಷ್ ಅಷ್ಟನ್ನೂ ಎಂಒಪಿ (ಮ್ಯೂರಿಯೇಟ್ ಆಫ್ ಪೊಟ್ಯಾಷ್) ಗೊಬ್ಬರದಲ್ಲಿ ಕೊಡುವುದಾದರೆ ಸುಮಾರು 235 ಗ್ರಾಂ, ಸಾರಜನಕ ಅಷ್ಟನ್ನೂ ಯೂರಿಯಾದಲ್ಲಿ ಕೊಡುವುದಾದರೆ ಸುಮಾರು 217 ಗ್ರಾಂ. ಎಂಒಪಿ ಹೆಚ್ಚುಕಡಿಮೆ ಅಡುಗೆ ಉಪ್ಪಿನ ಹಾಗೆಯೇ ಒಂದು ಲವಣ. ಅದಕ್ಕೇ ಎರಡು ಕಂತು ಮಾಡುವುದು, ಹದ ಇರುವ ಮಣ್ಣಿಗೆ ಹಾಕುವುದು, ಬುಡಕ್ಕೆ ತಾಗಿಸದೆ ಸುತ್ತಲೂ ಮುಕ್ಕಾಲು ಮೀಟರ್ ದೂರದವರೆಗೆ ಹರಡಿ ಮಣ್ಣು ಮುಚ್ಚುವುದು.

ಅರವತ್ತು ಅಡಿ ಮೇಲಿನ ಅಡಿಕೆ ಸೋಗೆಗೆ ನೀರೇರಿಸುವುದು ಮಾತ್ರ ಅಭಿಸರಣೆಯಲ್ಲ. ಸೋಗೆಯಿಂದ ಆವಿಯಾಗುವ ನೀರು ಹಿಂದಿನ ನೀರನ್ನು ಕೊಂಡಿ ಕೊಂಡಿಯಾಗಿ ಎಳೆಯುತ್ತದೆ, ಆ ನೀರು ಏರುವ ಕ್ಸೈಲಂ ಕೊಳವೆಗಳೋ ಸತ್ತ ಕೋಶಗಳು. ಮಳೆಗಾಲದ ರಾತ್ರಿ ಗಾಳಿ ಥಂಡಿಯಾಗಿ ಆವಿಯೇ ಹೋಗದಿದ್ದಾಗ ಬೇರಿನ ಒತ್ತಡ ಎದ್ದು ಕಾಣುತ್ತದೆ. ಬೇರಿನ ಕೋಶಗಳು ಲವಣಗಳನ್ನು ಒಳಗೆ ತುಂಬಿಕೊಳ್ಳುತ್ತವೆ, ಹಿಂದೆಯೇ ನೀರು ನುಗ್ಗುತ್ತದೆ. ಬೆಳಗ್ಗೆ ಕೆಸುವಿನ ಎಲೆಯ ತುದಿಯಲ್ಲಿ ತೂಗುವ ಹನಿ ಇಬ್ಬನಿಯಲ್ಲ, ಗಿಡದ ಒಳಗಿಂದ ಬಂದದ್ದು.

ಲವಣ ತುಂಬಿಕೊಳ್ಳುವುದಕ್ಕೆ ಬೇರು ಉಸಿರಾಡಬೇಕು. ಆಷಾಢದ ಮಳೆಗೆ ಬುಡದಲ್ಲಿ ನೀರು ನಿಂತರೆ ಆಮ್ಲಜನಕ ಮುಗಿದು ಅಕ್ವಾಪೊರಿನ್‌ಗಳು ಮುಚ್ಚಿಕೊಳ್ಳುತ್ತವೆ, ಗಿಡ ನೀರಿನಲ್ಲೇ ನಿಂತು ಬಾಡುತ್ತದೆ. ಅಂಥ ಗಿಡಕ್ಕೆ ಗೊಬ್ಬರ ಕೊಡಬೇಡಿ. ಮೊದಲು ಬಸಿಗಾಲುವೆಯ ಹೂಳು ತೆಗೆದು, ಅದರ ತಳ ಬೇರಿನ ಮಟ್ಟಕ್ಕಿಂತ ಕೆಳಗಿರುವಂತೆ ಮಾಡಿ.