13 ಸೀಟಿನ ವ್ಯಾನಿನಲ್ಲಿ ಅನಂತಪುರ, ಮಧೂರು, ಬೇಕಲ

ಮಕ್ಕಳ ರಜೆಯಲ್ಲಿ ಮನೆಯವರೆಲ್ಲ ಸೇರಿ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಹೊರಟು ಅನಂತಪುರ, ಮಧೂರು ದೇವಸ್ಥಾನಗಳು, ಬೇಕಲ ಕೋಟೆ ಸುತ್ತಿ ಬಂದೆವು. ದೊಡ್ಡಮ್ಮನಿಂದ ಹಿಡಿದು ಅಂಗನವಾಡಿಯ ಪುಟ್ಟಿಯವರೆಗೆ ಹನ್ನೊಂದು ಜನ. ಎರಡು ಕಾರು ಯಾಕೆಂದು ಪುತ್ತೂರಿನ ಭಾವನ 13 ಸೀಟಿನ ವ್ಯಾನ್ ತಂದೆವು. ಓಡಿಸಿದ್ದು ನಾನು.

ಹಿಂದಿನ ದಿನ ಜಗಲಿಯಲ್ಲಿ ಕೂತು ಕೇಳಿದ್ದೆ, "ಭಾವ, ನನ್ನದು ಕಾರಿನ ಲೈಸೆನ್ಸು. ಇದಕ್ಕೆ ಸಾಕಾ?" ಅವರು ಗಾಡಿಯ ನೋಂದಣಿ ಪತ್ರ, ಅಂದರೆ ಆರ್‌ಸಿ ತಂದು, ಒಟ್ಟು ತೂಕ ಬರೆದಿರುವ ಜಾಗದ ಮೇಲೆ ಬೆರಳಿಟ್ಟರು. ಸರಕು, ಜನ ಎಲ್ಲ ಸೇರಿದ ಆ ತೂಕ 7,500 ಕಿಲೋ ದಾಟದಿದ್ದರೆ ಅದು ಲಘು ವಾಹನ, ಎಲ್‌ಎಂವಿ ಲೈಸೆನ್ಸು ಸಾಕು. ಹಳದಿ ಬೋರ್ಡಿನ, ಅಂದರೆ ಬಾಡಿಗೆಯ ಗಾಡಿಗೂ ಲೈಸೆನ್ಸಿನಲ್ಲಿ ಪ್ರತ್ಯೇಕ ನಮೂದು ಬೇಡವೆಂದು ಸುಪ್ರೀಂ ಕೋರ್ಟಿನ ಐವರ ಪೀಠ 2024ರ ನವೆಂಬರ್ 6ರಂದು ಹೇಳಿದೆ. ಅದಕ್ಕಿಂತ ದೊಡ್ಡ ಮಿನಿ ಬಸ್ಸಾದರೆ ಕಾರಿನ ಲೈಸೆನ್ಸಿನಲ್ಲಿ ಮುಟ್ಟಬೇಡಿ. ಅಪಘಾತವಾದರೆ ವಿಮೆಯವರು ಮೊದಲು ನೋಡುವುದೇ ಅದನ್ನು.

ಲೈಸೆನ್ಸಿಗೆ ತೂಕ ನೋಡಿದೆ, ಸರಿ. ವೇಗಕ್ಕೆ ಸೀಟು ನೋಡಬೇಕಿತ್ತು, ಅದನ್ನು ಮರೆತೆ.

ಕುಂಬಳೆಯಿಂದ ಕಾಸರಗೋಡಿಗೆ ಹೋಗುವ ಆರು ಪಥದ ಹೆದ್ದಾರಿ ಹೊಸದು, ನುಣುಪು. ಪಕ್ಕದಲ್ಲಿ ಕಾರುಗಳು ಹಾರಿಹೋಗುತ್ತಿದ್ದವು. ನಾನೂ ಗಂಟೆಗೆ 104 ಕಿ.ಮೀ.ಗೆ ಏರಿಸಿದೆ, ಕಾರಿಗೆ 110 ಇದೆಯಲ್ಲ ಎಂಬ ಧೈರ್ಯ. ಕೆಲವು ದಿನ ಕಳೆದು ಭಾವನ ಮೊಬೈಲಿಗೆ ಚಲನ್ ಬಂತು. ಕೇರಳದಲ್ಲಿ 2023ರ ಜುಲೈ 1ರಿಂದ ಜಾರಿಯಲ್ಲಿರುವ ಮಿತಿಯಂತೆ 110 ಎಂಬುದು 9 ಸೀಟಿನವರೆಗಿನ ಗಾಡಿಗೆ. ಅದಕ್ಕಿಂತ ಹೆಚ್ಚು ಸೀಟಿದ್ದರೆ ಆರು ಪಥದಲ್ಲಿ 95, ನಾಲ್ಕು ಪಥದ ರಾಷ್ಟ್ರೀಯ ಹೆದ್ದಾರಿಯಲ್ಲಿ 90. ರಾಜ್ಯ ಹೆದ್ದಾರಿ, ಪ್ರಮುಖ ಜಿಲ್ಲಾ ರಸ್ತೆಗಳಲ್ಲಿ 80, ಪೇಟೆಯೊಳಗೆ 50. ಫಲಕದಲ್ಲಿ ಇನ್ನೂ ಕಡಿಮೆ ಬರೆದಿದ್ದರೆ ಅದೇ ಲೆಕ್ಕ. ದಂಡ ನಾನೇ ಕಟ್ಟಿದೆ. ಬೇರೆಯವರ ಗಾಡಿ ತಂದವರು ಇದನ್ನು ನೆನಪಿಟ್ಟುಕೊಳ್ಳಿ, ಚಲನ್ ಹೋಗುವುದು ಆರ್‌ಸಿಯಲ್ಲಿ ಹೆಸರಿರುವವರಿಗೆ.

ಬಾಡಿಗೆಗೆ ಹಳದಿ ಬೋರ್ಡಿನ ಟ್ರಾವೆಲರ್ ತೆಗೆದುಕೊಂಡರೆ ಅದರಲ್ಲಿ ವೇಗ 80 ದಾಟದಂತೆ ತಡೆಯುವ ಸ್ಪೀಡ್ ಗವರ್ನರ್ ಇರುತ್ತದೆ. ಚಾಲಕರನ್ನು ಅವಸರ ಮಾಡಿಸಬೇಡಿ, ಎಡಗಡೆಯ ಪಥದಲ್ಲೇ ಹೋಗಲಿ. ಪರಿಚಯದವರ ಬಿಳಿ ಬೋರ್ಡಿನ, ಅಂದರೆ ಸ್ವಂತ ಬಳಕೆಯ ವ್ಯಾನಿಗೆ ಬಾಡಿಗೆ ಕೊಟ್ಟು ಮದುವೆಗೆ ಹೋಗುವ ರೂಢಿ ನಮ್ಮಲ್ಲಿದೆ. ದಯವಿಟ್ಟು ಬೇಡ. ಪರ್ಮಿಟ್ ಇಲ್ಲದೆ ಬಾಡಿಗೆ ಓಡಿಸಿದರೆ 10,000 ರೂಪಾಯಿ ದಂಡ.

ಮಿತಿ ಎಷ್ಟೇ ಇರಲಿ, ನಾಯ್ಕಾಪಿನಿಂದ ಅನಂತಪುರಕ್ಕೆ ತಿರುಗಿದ ಮೇಲೆ 30 ದಾಟಬೇಡಿ. ಒಂದು ತಿರುವಿನಲ್ಲಿ ಎದುರಿಗೆ ಜೀಪು ಬಂತೆಂದು ಬ್ರೇಕ್ ಒತ್ತಿದೆ. ಕಾರಾಗಿದ್ದರೆ ನಿಲ್ಲುತ್ತಿದ್ದ ಜಾಗದಿಂದ ಮೂರು ನಾಲ್ಕು ಮಾರು ಮುಂದೆ ಹೋಗಿ ನಿಂತಿತು. ಹಿಂದಿನ ಸೀಟಿನಲ್ಲಿದ್ದ ದೊಡ್ಡಮ್ಮನ ಕೈಯಿಂದ ಹಣ್ಣುಕಾಯಿಯ ಬುಟ್ಟಿ ಜಾರಿ, ತೆಂಗಿನಕಾಯಿ ಉರುಳಿ ನನ್ನ ಕಾಲ ಬುಡಕ್ಕೇ ಬಂತು. ಅದು ಬ್ರೇಕ್ ಪೆಡಲಿನ ಅಡಿಗೆ ಸಿಕ್ಕಿಕೊಂಡಿದ್ದರೆ ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಸಾಮಾನೆಲ್ಲ ಹಿಂದೆ ಕಟ್ಟಿಡಿ, ಹಿಂದಿನ ಸೀಟಿನವರಿಗೂ ಬೆಲ್ಟ್ ಹಾಕಿಸಿ.

ಮಧ್ಯಾಹ್ನ ನಡೆ ಮುಚ್ಚುವುದರಿಂದ ಅನಂತಪುರ, ಮಧೂರು ಎರಡನ್ನೂ ಬೆಳಿಗ್ಗೆಯೇ ಮುಗಿಸಿ. ಬೇಕಲಕ್ಕೆ ಚಂದ್ರಗಿರಿ ಸೇತುವೆ ದಾಟಿ, ಉದುಮದ ದಾರಿಯಾಗಿ ಹೋಗಿ. ಪೇಟೆಗಳು ಒಂದರ ಹಿಂದೆ ಒಂದು ಸಿಗುತ್ತವೆ, ನಿಧಾನ. ಬಿಸಿಲು ಇಳಿದ ಮೇಲೆ ಕೋಟೆ ಹತ್ತಿದರೆ ಮಕ್ಕಳಿಗೂ ಹಿರಿಯರಿಗೂ ಸುಖ.