ಬನವಾಸಿಯಲ್ಲಿ ಒಂದು ಮಧ್ಯಾಹ್ನ

ಶಿರಸಿಯಿಂದ ಬಸ್ ಹತ್ತಿ ಬನವಾಸಿಗೆ ಬಂದಿದ್ದೇನೆ, ಸುಮ್ನೆ. 4ನೇ ಶತಮಾನದಲ್ಲಿ ಕದಂಬರ ರಾಜಧಾನಿಯಾಗಿದ್ದ ಊರು ಅಂತ ಯಾರಾದರೂ ಹೇಳಬೇಕು, ನೋಡಿದರೆ ಗೊತ್ತಾಗಲ್ಲ. ಬೀದಿಯಲ್ಲಿ ಮಲಗಿದ ಒಂದು ನಾಯಿ, ಜಗಲಿ ಮೇಲೆ ಅಡಿಕೆ ಸುಲಿಯುತ್ತ ಕೂತ ಅಜ್ಜಿ, ಅಷ್ಟೇ. "ಯಾರ ಮನೆಗೆ ಬಂದದ್ದು ತಮಾ?" ಅಂತ ಕೇಳಿದರು. ಯಾರ ಮನೆಗೂ ಅಲ್ಲ ಅಂದರೆ ನಂಬಲೇ ಇಲ್ಲ.

ಮಧುಕೇಶ್ವರ ದೇವಸ್ಥಾನದ ಕಲ್ಲಿನ ಮಂಚವನ್ನು ಎರಡು ಸಲ ಸುತ್ತಿ ನೋಡಿದೆ. ಆದರೆ ಜಾಸ್ತಿ ಹೊತ್ತು ಕಳೆದದ್ದು ವರದೆಯ ದಡದಲ್ಲಿ, ಯಾರೋ ಕಲ್ಲಿನ ಮೇಲೆ ಬಟ್ಟೆ ಒಗೆಯುವ ಸದ್ದು ಕೇಳುತ್ತ. ನಮ್ಮೂರ ಹಳ್ಳದಲ್ಲೂ ಇದೇ ಸದ್ದಿತ್ತು, ಯಾವಾಗ ನಿಂತಿತೋ ನೆನಪೇ ಇಲ್ಲ.

ವಾಪಸ್ ಬಸ್ಸು ಎಷ್ಟು ಹೊತ್ತಿಗೆ ಅಂದರೆ ಅಂಗಡಿಯವರು "ಬರ್ತದೆ, ಕೂತ್ಕಳಿ" ಅಂದರು. ಕೂತಿದ್ದೇನೆ.