ಹನ್ನೊಂದು ಗಂಟೆಯ ಹಸಿವು

ಸಕ್ಕರೆ ಕಾಯಿಲೆಗೆ ಬೆಳಿಗ್ಗೆ 7:30ಕ್ಕೆ 30/70 ಇನ್ಸುಲಿನ್ ಚುಚ್ಚಿಕೊಂಡು, 8ಕ್ಕೆ ಮೂರು ಇಡ್ಲಿ ತಿಂದು ಕೆಲಸಕ್ಕೆ ಕೂತವರಿಗೆ 11ರ ಹೊತ್ತಿಗೆ ಒಂದು ಹಸಿವು ಬರುತ್ತದೆ. ಹೊಟ್ಟೆ ಚುರುಗುಟ್ಟುವ ಹಳೆಯ ಹಸಿವಲ್ಲ ಇದು. ಏನು ಸಿಕ್ಕರೂ ಸರಿ, ಈಗಲೇ ಬಾಯಿಗೆ ಹಾಕಿಕೊಳ್ಳಬೇಕು ಅನ್ನಿಸುತ್ತದೆ. ಬೆರಳು ಸಣ್ಣಗೆ ನಡುಗುತ್ತದೆ, ಕತ್ತಿನ ಹಿಂದೆ ತಣ್ಣನೆ ಬೆವರೊಡೆಯುತ್ತದೆ, ಎದುರಿಗಿದ್ದವರು ಏನೂ ಅನ್ನದಿದ್ದರೂ ಸಿಡುಕು ಬರುತ್ತದೆ. ಮನೆಯಲ್ಲಾದರೆ ಕೈ ಸೀದಾ ಬಿಸ್ಕತ್ತಿನ ಡಬ್ಬಿಗೇ ಹೋಗುತ್ತದೆ.

ಡಬ್ಬಿಗೆ ಕೈ ಹಾಕುವ ಮೊದಲು ಗಡಿಯಾರ ನೋಡಿದರೆ ಅರ್ಧ ವಿಷಯ ತಿಳಿಯುತ್ತದೆ. 30/70 ಅಂದರೆ 30 ಪಾಲು ಬೇಗ ಕೆಲಸ ಮಾಡುವ ರೆಗ್ಯುಲರ್, 70 ಪಾಲು ನಿಧಾನದ ಎನ್‌ಪಿಎಚ್. ರೆಗ್ಯುಲರ್ ಚುಚ್ಚಿದ ಅರ್ಧ ಗಂಟೆಗೆ ಶುರುವಾಗಿ 2ರಿಂದ 4 ಗಂಟೆಯ ನಡುವೆ ಜೋರಾಗಿರುತ್ತದೆ. ಅಷ್ಟರಲ್ಲಿ ಇಡ್ಲಿ ಎಂದೋ ಕರಗಿ ಹೋಗಿರುತ್ತದೆ, ರಕ್ತದ ಸಕ್ಕರೆ ಕುಸಿಯುತ್ತದೆ; ಇದೇ ಲೋ ಶುಗರ್. ಎನ್‌ಪಿಎಚ್‌ನ ಜೋರು ಸುಮಾರು 4ರಿಂದ 10 ಗಂಟೆಯ ನಡುವೆ. ಮದುವೆ ಮನೆಯಲ್ಲಿ ಮೊದಲ ಪಂಕ್ತಿ ತಪ್ಪಿ ಊಟ 2:30ಕ್ಕೆ ಹೋದರೆ ಕಣ್ಣು ಮಂಜಾಗುವುದೂ, ರಾತ್ರಿ ಡೋಸಿನವರಿಗೆ 2–3 ಗಂಟೆಗೆ ಬೆವತು ಎಚ್ಚರವಾಗುವುದೂ ಇದರಿಂದಲೇ. ದಿನಕ್ಕೊಮ್ಮೆ ಹಾಕುವ ಗ್ಲಾರ್ಜಿನ್ ಎಂಬ ಇನ್ಸುಲಿನ್ನಿನಲ್ಲಿ ಇಂಥ ದೊಡ್ಡ ಏರಿಳಿತ ಇರುವುದಿಲ್ಲ. ಪಕ್ಕದ ಮನೆಯವರು ತಿನ್ನುತ್ತಾರೆಂದು ಗ್ಲಾರ್ಜಿನ್‌ನವರೂ 11ಕ್ಕೆ ತಿಂಡಿ ಶುರು ಮಾಡಬೇಕಿಲ್ಲ.

ಉಳಿದರ್ಧ ತಿಳಿಯುವುದು ಶುಗರ್ ನೋಡುವ ಮೀಟರಿನಲ್ಲಿ. ಸೋಪು ಹಾಕಿ ಕೈ ತೊಳೆದು, ಪೂರ್ತಿ ಒರೆಸಿಕೊಂಡು, ಬೆರಳ ತುದಿಯ ಪಕ್ಕಕ್ಕೆ ಚುಚ್ಚಿ. ಬಾಳೆಹಣ್ಣು ಸುಲಿದ ಕೈಯಲ್ಲೇ ನೋಡಿದರೆ ಅಂಕಿ ಸುಳ್ಳೇ ಏರಿ ತೋರಿಸುತ್ತದೆ, ನಿಜವಾದ ಲೋ ಶುಗರ್ ಮುಚ್ಚಿಹೋಗುತ್ತದೆ. ಮೀಟರ್ ಹತ್ತಿರವಿಲ್ಲದೆ ಕೈ ನಡುಗುತ್ತಿದ್ದರೆ ಮಾತ್ರ ಕಾಯಬಾರದು, ಲೋ ಎಂದೇ ತಿಳಿದು ಸಕ್ಕರೆ ತಿನ್ನಬೇಕು.

ಅಂಕಿ 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಸಕ್ಕರೆ, ಅಂದರೆ ಮೂರು ಟೀ ಚಮಚ, ಅರ್ಧ ಲೋಟ ನೀರಿಗೆ ಕಲಸಿ ಕುಡಿಯುವುದು. 15 ನಿಮಿಷ ಬಿಟ್ಟು ಮತ್ತೆ ನೋಡುವುದು, ಇನ್ನೂ 70 ದಾಟಿಲ್ಲದಿದ್ದರೆ ಇನ್ನೊಮ್ಮೆ ಅಷ್ಟೇ. ಲೆಕ್ಕ ಸುಲಭ, ಆ 15 ನಿಮಿಷ ಕಷ್ಟ. ರಕ್ತದಲ್ಲಿ ಸಕ್ಕರೆ ಏರಿದರೂ ಹಸಿವು ತಕ್ಷಣ ಇಳಿಯುವುದಿಲ್ಲ. ಇದೇ ಹೊತ್ತಲ್ಲಿ ಗಾಬರಿಯಾದ ಮನೆಯವರು ಲಾಡು, ಬಾಳೆಹಣ್ಣು, ಸಕ್ಕರೆ ಹಾಕಿದ ಹಾಲು ಒಂದರ ಹಿಂದೊಂದು ತಂದಿಡುತ್ತಾರೆ. ಸಂಜೆಗೆ 300 ಆಗುವುದು ಆ ಲೋ ಶುಗರಿನಿಂದಲ್ಲ, ಅದರ ಉಪಚಾರದಿಂದ. ಚಾಕೊಲೇಟ್, ಬರ್ಫಿ ಈ ಕೆಲಸಕ್ಕೆ ಬಾರವು, ಅದರ ಜಿಡ್ಡು ಸಕ್ಕರೆ ಏರುವುದನ್ನು ತಡಮಾಡುತ್ತದೆ. ಅಂಕಿ ಸರಿಹೋದ ಮೇಲೆ ಮುಂದಿನ ಊಟಕ್ಕೆ ಇನ್ನೂ ಒಂದು ಗಂಟೆಗಿಂತ ಹೆಚ್ಚಿದ್ದರೆ ಆಗ ಒಂದು ಹಿಡಿ ಹುರಿಗಡಲೆಯನ್ನೋ ಒಂದು ಚಪಾತಿಯನ್ನೋ ತಿಂದರಾಯಿತು.

ಇಲ್ಲಿ ಹಲವರಿಗೆ ಯಾರೂ ಹೇಳದ ಒಂದು ವಿಷಯವಿದೆ. ಊಟದ ಜೊತೆ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆ ನುಂಗುವವರಿಗೆ ಮನೆಯ ಸಕ್ಕರೆ ಬೇಗ ಹತ್ತುವುದಿಲ್ಲ, ಕರುಳಿನಲ್ಲಿ ಅದು ಒಡೆಯುವುದನ್ನೇ ಆ ಮಾತ್ರೆ ತಡೆಯುತ್ತದೆ. ಅವರ ಜೇಬಿನಲ್ಲಿ ಗ್ಲೂಕೋಸ್ ಪುಡಿಯೇ ಇರಬೇಕು. ಬಿಪಿಗೋ ಹೃದಯಕ್ಕೋ ಮೆಟೊಪ್ರೊಲೋಲ್ ಥರದ ಮಾತ್ರೆ ತೆಗೆದುಕೊಳ್ಳುವವರಿಗೆ ನಡುಕ, ಎದೆಬಡಿತ ಗೊತ್ತಾಗದೆ ಹೋಗಬಹುದು. ಆಗ ಬೆವರೇ ಮುಖ್ಯ ಸುಳಿವು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು; ಪಕ್ಕಕ್ಕೆ ಮಲಗಿಸಿ ಆಸ್ಪತ್ರೆಗೆ ಒಯ್ಯಬೇಕು.

ಇನ್ನು ಅದೇ ನಡುಕ, ಅದೇ ಹಸಿವು, ಮೀಟರಿನಲ್ಲಿ ಮಾತ್ರ 130. ತಿಂಗಳುಗಟ್ಟಲೆ 300ರಲ್ಲಿದ್ದ ದೇಹ 130ನ್ನೇ ಕಡಿಮೆ ಎಂದುಕೊಂಡು ಗಲಾಟೆ ಮಾಡುತ್ತದೆ. ಸಕ್ಕರೆ ಬೇಡ. ಒಂದು ಲೋಟ ನೀರು ಮಜ್ಜಿಗೆ, ನಾಲ್ಕು ಹೋಳು ಸೌತೆಕಾಯಿ, ಹತ್ತು ನಿಮಿಷ ಕೂರುವುದು. ಅನುಮಾನವಿದ್ದರೆ 20 ನಿಮಿಷಕ್ಕೆ ಮತ್ತೊಂದು ಸ್ಟ್ರಿಪ್. ಕೆಲವು ವಾರ ಶುಗರ್ ಹತೋಟಿಯಲ್ಲಿದ್ದರೆ ಈ ಗಲಾಟೆ ತಾನಾಗಿ ಅಡಗುತ್ತದೆ. ಪ್ರತಿ ಸಲ ಬಿಸ್ಕತ್ತು ಕೊಟ್ಟು ಸಮಾಧಾನ ಮಾಡಿದರೆ ದೇಹ 300ನ್ನು ಮರೆಯುವುದೇ ಇಲ್ಲ.

250 ಇದ್ದೂ ಹಸಿವಾದರೆ? ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ಜೀವಕೋಶಕ್ಕೆ ಇಳಿಯುತ್ತಿಲ್ಲ ಎಂದರ್ಥ. ಆಗ ತಿನ್ನುವುದಕ್ಕಿಂತ ನೀರು ಕುಡಿದು ಇನ್ಸುಲಿನ್ನಿನ ಕಡೆ ನೋಡಬೇಕು. ಬೆಳ್ಳಗೆ ಮೋಡದಂತಿರುವ ಇನ್ಸುಲಿನ್ನನ್ನು ಅಂಗೈಗಳ ನಡುವೆ ಹತ್ತಿಪ್ಪತ್ತು ಸಲ ಉರುಳಿಸದಿದ್ದರೆ ಒಂದು ದಿನ ಜಾಸ್ತಿ, ಒಂದು ದಿನ ಕಡಿಮೆ ಹೋಗುತ್ತದೆ. ಬಿಸಿಲಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ಉಳಿದದ್ದು, ಫ್ರೀಜರಿನಲ್ಲಿ ಗಟ್ಟಿಯಾದದ್ದು ಎರಡೂ ಎಸೆಯುವುದಕ್ಕೇ. ದಿನಾ ಒಂದೇ ಜಾಗಕ್ಕೆ ಚುಚ್ಚಿ ಗಂಟು ಕಟ್ಟಿದ್ದರೆ ಔಷಧಿ ಅಲ್ಲೇ ಕೂತು ಯಾವಾಗಲೋ ಇಳಿಯುತ್ತದೆ. ಇದಕ್ಕೆ ವಿರುದ್ಧದ ಅಪಾಯವೂ ಇದೆ: ಕೆಂಪು ಮುಚ್ಚಳದ ಸಿರಿಂಜ್ ಮಿಲಿಲೀಟರಿಗೆ 40 ಯೂನಿಟ್ಟಿನ ಬಾಟಲಿಗೆ ಮಾತ್ರ. ಇನ್ಸುಲಿನ್ ಪೆನ್ನಿನ, ಮಿಲಿಲೀಟರಿಗೆ 100 ಯೂನಿಟ್ಟಿನ ಕಾರ್ಟ್ರಿಜ್‌ನಿಂದ ಅದರಲ್ಲಿ ಎಳೆದರೆ ಡೋಸು ಎರಡೂವರೆ ಪಟ್ಟು.

ನನ್ನ ಮಟ್ಟಿಗೆ 11ರ ಹಸಿವಿನ ಮದ್ದು 8ರ ತಟ್ಟೆಯಲ್ಲೇ ಇದೆ. ಇಡ್ಲಿ-ಚಟ್ನಿ ಎರಡು ಗಂಟೆಗೆ ಮುಗಿಯುವ ಊಟ. ಒಂದು ಇಡ್ಲಿ ಬಿಟ್ಟು ಬೇಳೆ ದಪ್ಪಗಿರುವ ಸಾಂಬಾರ್ ಒಂದು ಬಟ್ಟಲು, ಜೊತೆಗೆ ಮೊಟ್ಟೆಯೋ ಹೆಸರುಬೇಳೆ ಕೋಸಂಬರಿಯೋ ಇದ್ದರೆ ಮಧ್ಯಾಹ್ನದ ತನಕ ತಡೆಯುತ್ತದೆ. ರಾಗಿ ಒಳ್ಳೆಯದೆಂದು ಶೋಧಿಸಿದ ಹಿಟ್ಟಿನ ತೆಳು ಗಂಜಿ ಕುಡಿಯುವವರ ಶುಗರ್ ಬೇಗ ಏರಿ ಬೇಗ ಇಳಿಯುತ್ತದೆ. ನಡುವೆ ತಿನ್ನಲೇಬೇಕೆಂದರೆ 25–30 ಗ್ರಾಂ ಸಿಪ್ಪೆಯಿರುವ ಹುರಿಗಡಲೆ, ಇಲ್ಲವೇ ಒಂದು ಸೀಬೆ. ಮಂಡಕ್ಕಿ, ಮಾರಿ ಬಿಸ್ಕತ್ತು ಹಗುರವೆಂಬ ನಂಬಿಕೆಯಿದೆ, ಒಂದು ಗಂಟೆಗೆ ಮತ್ತೆ ಹಸಿವು.

ಇನ್ಸುಲಿನ್ ಶುರುವಾದ ಮೇಲೆ ತೂಕ ಏರುವುದಕ್ಕೂ ಇದಕ್ಕೂ ನಂಟಿದೆ. ಶುಗರ್ ಸುಮಾರು 180 ದಾಟಿದಾಗ ಮೂತ್ರದಲ್ಲಿ ಸಕ್ಕರೆ ಸೋರುತ್ತದೆ. ದಿನಕ್ಕೆ 50 ಗ್ರಾಂ ಸೋರುತ್ತಿದ್ದರೆ 200 ಕ್ಯಾಲರಿ. ಈಗ ಅದು ಮೈಯಲ್ಲೇ ಉಳಿಯುತ್ತದೆ, ಮೇಲೆ ಭಯದ ತಿಂಡಿ ಬೇರೆ. ಲೋ ಆಗದಿರಲೆಂದು ದಿನಾ ತಿನ್ನಬೇಕಾಗಿ ಬಂದರೆ ಡೋಸು ಹೆಚ್ಚಾಗಿದೆ ಅಥವಾ ಇನ್ಸುಲಿನ್ನಿನ ಬಗೆ ಹೊಂದುತ್ತಿಲ್ಲ. ಇನ್ಸುಲಿನ್ನಿಗಾಗಿ ಉಣ್ಣುವುದು ತಲೆಕೆಳಗಾದ ಲೆಕ್ಕ. ಆದರೆ ನಾವೇ ಡೋಸು ಬಿಡುವುದೂ ಸಲ್ಲ. ನಾಲ್ಕು ದಿನ ಒಂದು ಹಾಳೆಯಲ್ಲಿ ಹೊತ್ತು, ಅಂಕಿ, ತಿಂದದ್ದು, ಚುಚ್ಚಿದ ಯೂನಿಟ್ ಬರೆದಿಡಿ. “ತುಂಬಾ ಹಸಿವು ಸಾರ್” ಎಂದರೆ ಡಾಕ್ಟರು ಡಯಟ್ ಹಾಳೆ ಕೊಡುತ್ತಾರೆ. “ಮೂರು ದಿನ 11 ಗಂಟೆಗೆ 65ರ ಆಸುಪಾಸು” ಎಂದು ತೋರಿಸಿದರೆ ಬೆಳಗಿನ ಡೋಸಿಗೆ ಕೈ ಹಾಕುತ್ತಾರೆ.